ಕಡಲ ಮೇಲ್ನೀರಿನ ಪ್ಲಾಸ್ಟಿಕ್ ಮತ್ತು ಅಳತೆಯ ಪ್ರಶ್ನೆ

(ನಿಗಡಿಯ ಕನ್ನಡಿಗರ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಹೊರನಾಡಿನ ನಮ್ಮ ಸಂಘಗಳ ವೇದಿಕೆಯಲ್ಲಿ ಸಾಮಾನ್ಯವಾಗಿ ಭಾಷೆ, ಗಡಿ, ಕಾವ್ಯ, ದಾಸಸಾಹಿತ್ಯಗಳ ಮಾತು ನಡೆಯುವುದು ವಾಡಿಕೆ. ಸಮುದ್ರದ ನೀರಿನ ಮೇಲ್ಪದರದಲ್ಲಿ ತೇಲುವ ಸಣ್ಣ ಪ್ಲಾಸ್ಟಿಕ್ ಚೂರುಗಳನ್ನು ಎಣಿಸುವ ವಿಷಯವಾಗಿ ಮಾತನಾಡುತ್ತೇನೆಂದು ತಿಳಿಸಿದಾಗ, ನಿಗಡಿಗೂ ಸಮುದ್ರಕ್ಕೂ ಏನು ಸಂಬಂಧವೆಂದು ಕಾರ್ಯದರ್ಶಿಗಳು ಕೇಳಿದರು. ಸಹಜವಾದ ಪ್ರಶ್ನೆಯೇ. ಉತ್ತರವನ್ನು ನಕ್ಷೆಯಿಂದ ಪ್ರಾರಂಭಿಸುತ್ತೇನೆ.

ಲೋಣಾವಳೆಯ ಬಳಿ ಸಹ್ಯಾದ್ರಿಯ ನೆತ್ತಿಯ ಮೇಲೆ ಬಿದ್ದ ಮಳೆಹನಿಗೆ ಎರಡು ದಾರಿಗಳಿವೆ. ಪಶ್ಚಿಮಕ್ಕೆ ಜಾರಿದರೆ ಅದು ಉಲ್ಹಾಸ ನದಿಯನ್ನು ಸೇರಿ, ಕಲ್ಯಾಣದ ಮಗ್ಗುಲಲ್ಲಿ ಹಾದು, ಅರಬ್ಬಿ ಸಮುದ್ರವನ್ನು ಮುಟ್ಟುತ್ತದೆ. ಪೂರ್ವಕ್ಕೆ ಜಾರಿದರೆ ನಮ್ಮ ಇಂದ್ರಾಯಣಿಗೋ ಪವನೆಗೋ ಇಳಿಯುತ್ತದೆ. ಪವನೆ ಚಿಂಚವಡವನ್ನು ದಾಟಿ ದಾಪೋಡಿಯ ಬಳಿ ಮುಳೆಯನ್ನು ಸೇರುತ್ತಾಳೆ. ಮುಳೆ ಮುಠೆಯರು ಪುಣೆಯಲ್ಲಿ ಕೂಡಿ ಮುಂದೆ ಭೀಮೆಯಲ್ಲಿ ಒಂದಾಗುತ್ತಾರೆ. ಭೀಮೆ ಉಜನಿ ಜಲಾಶಯವನ್ನು ತುಂಬಿ, ಪಂಢರಪುರದಲ್ಲಿ ಚಂದ್ರಭಾಗೆಯೆನಿಸಿ, ವಿಜಯಪುರ ಜಿಲ್ಲೆಯ ಅಂಚಿನಲ್ಲಿ ಕನ್ನಡ ನೆಲವನ್ನು ಮುಟ್ಟಿ, ಅಫಜಲಪುರ, ಗಾಣಗಾಪುರ, ಸನ್ನತಿ, ಯಾದಗಿರಿಗಳನ್ನು ಹಾದು ರಾಯಚೂರು ಜಿಲ್ಲೆಯ ಅಂಚಿನಲ್ಲಿ ಕೃಷ್ಣೆಯನ್ನು ಕೂಡುತ್ತಾಳೆ. ಕೃಷ್ಣೆಯ ಕೊನೆ ಬಂಗಾಳ ಕೊಲ್ಲಿಯಲ್ಲಿ. ಅಂದರೆ ಮುಂಬಯಿಯ ಸಮುದ್ರ ನಮಗೆ ಬಸ್ಸಿನ ದಾರಿಯಲ್ಲಿ ಹತ್ತಿರವಿದ್ದರೂ ನೀರಿನ ದಾರಿಯಲ್ಲಿ ನಿಗಡಿಯ ಸಮುದ್ರ ಬಂಗಾಳ ಕೊಲ್ಲಿಯೇ ಆಗಿದೆ. ಆ ದಾರಿ ನಮ್ಮ ತವರಿನ ಮೂಲಕವೇ ಹೋಗುತ್ತದೆ. ಇಲ್ಲಿನ ಚರಂಡಿಗೆ ಬಿದ್ದ ಹಾಲಿನ ಪೊಟ್ಟಣದ ಕತ್ತರಿಸಿದ ಮೂಲೆ ಕಡಲು ಕಾಣುವ ಮೊದಲು ಗಾಣಗಾಪುರದ ಸಂಗಮವನ್ನು ಕಾಣಬಹುದು.

ಕೃಷ್ಣಾ ನೀರಿನ ವ್ಯಾಜ್ಯದ ಇತಿಹಾಸ ಈ ಸಭೆಯಲ್ಲಿರುವ ಹಿರಿಯರಿಗೆ ಕಂಠಪಾಠವಾಗಿದೆ. ಬಚಾವತ್ ನ್ಯಾಯಮಂಡಳಿ 1973ರಲ್ಲಿ ವರದಿ ಕೊಟ್ಟು 1976ರಲ್ಲಿ ಅಂತಿಮ ಐತೀರ್ಪು ನೀಡಿದಾಗ ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಪ್ರದೇಶಕ್ಕೆ 800 ಟಿಎಂಸಿ ಎಂಬುದು ಮೂಲ ಹಂಚಿಕೆಯಾಗಿತ್ತು. ಒಂದೊಂದು ಟಿಎಂಸಿಗಾಗಿ ವಕೀಲರು ವರ್ಷಗಟ್ಟಲೆ ವಾದಿಸಿದರು. ಹಾಗೆ ವಾದಿಸಲು ಸಾಧ್ಯವಾದದ್ದು ಏಕೆ? ಸೇತುವೆ, ಅಣೆಕಟ್ಟುಗಳ ಬಳಿ ಮಾಪಕಗಳಿದ್ದವು, ದಶಕಗಳ ದಾಖಲೆಯಿತ್ತು, ಮೂರೂ ರಾಜ್ಯಗಳು ಒಪ್ಪುವ ಒಂದು ಏಕಮಾನವಿತ್ತು. ನೀರಿನ ಜೊತೆಗೆ ಹರಿದು ಬರುವ ಪ್ಲಾಸ್ಟಿಕ್ಕಿಗೆ ಇಂತಹ ಯಾವ ಹಂಚಿಕೆಯೂ ಇಲ್ಲ, ವಾದವೂ ಇಲ್ಲ. ಏಕೆಂದರೆ ಎಲ್ಲರೂ ಒಪ್ಪುವ ಅಳತೆಯೇ ಅದಕ್ಕೆ ಇನ್ನೂ ಗಟ್ಟಿಯಾಗಿಲ್ಲ. ನಾನು ಇಂದು ಹೇಳಬೇಕೆಂದಿರುವುದು ಮುಖ್ಯವಾಗಿ ಈ ಅಳತೆಯ ವಿಷಯವನ್ನೇ. ಪ್ಲಾಸ್ಟಿಕ್ ಕೆಟ್ಟದ್ದೆಂದು ನಿಮಗೆ ಉಪದೇಶಿಸುವುದು ನನ್ನ ಉದ್ದೇಶವಲ್ಲ. ಅದನ್ನು ನಮ್ಮ ಶಾಲೆಯ ಮಕ್ಕಳೇ ಚೆನ್ನಾಗಿ ಮಾಡುತ್ತಿದ್ದಾರೆ.

ಮೊದಲು ವ್ಯಾಖ್ಯೆ. ಐದು ಮಿಲಿಮೀಟರಿಗಿಂತ, ಅಂದರೆ ಸುಮಾರು ಒಂದು ತೊಗರಿಕಾಳಿಗಿಂತ, ಚಿಕ್ಕದಾದ ಪ್ಲಾಸ್ಟಿಕ್ ಕಣಗಳನ್ನು ಸೂಕ್ಷ್ಮ ಪ್ಲಾಸ್ಟಿಕ್ ಎಂದು ಕರೆಯುವುದು ರೂಢಿ. ಅಮೆರಿಕದ ಟಕೋಮಾ ನಗರದಲ್ಲಿ 2008ರಲ್ಲಿ ನಡೆದ ವಿಜ್ಞಾನಿಗಳ ಕಮ್ಮಟದ ನಂತರ ಈ ಮಿತಿ ಬಳಕೆಗೆ ಬಂತು. ಕೆಲವು ಕಣಗಳು ಕಾರ್ಖಾನೆಯಲ್ಲೇ ಚಿಕ್ಕವಾಗಿ ಹುಟ್ಟಿದವು: ಬಕೆಟ್ಟು, ಕೊಳವೆ, ಚೀಲಗಳನ್ನು ಮಾಡಲು ಬಳಸುವ ಕಚ್ಚಾ ಕಾಳುಗಳು. ಉಳಿದವು ದೊಡ್ಡ ವಸ್ತುಗಳು ಬಿಸಿಲಿಗೆ ಬೆಂದು, ಅಲೆಗೆ ಬಡಿದು ಪುಡಿಯಾದವು. ಬಟ್ಟೆಯಿಂದ ಉದುರುವ ಪಾಲಿಯೆಸ್ಟರ್ ಎಳೆಗಳೂ, ಹಗ್ಗ ಬಲೆಗಳ ನಾರುಗಳೂ, ದೋಣಿಯ ಬಣ್ಣದ ಹಕ್ಕಳೆಗಳೂ ಇದರಲ್ಲಿ ಸೇರುತ್ತವೆ.

ಇದೇನೂ ಇತ್ತೀಚಿನ ಸಂಶೋಧನೆಯಲ್ಲ. 1972ರಲ್ಲಿ ಎಡ್ವರ್ಡ್ ಕಾರ್ಪೆಂಟರ್ ಮತ್ತು ಕೆನೆತ್ ಸ್ಮಿತ್ ಎಂಬ ವಿಜ್ಞಾನಿಗಳು ಅಟ್ಲಾಂಟಿಕ್‌ನ ಸರ್ಗಾಸೋ ಸಮುದ್ರದ ಮೇಲ್ಪದರದಲ್ಲಿ ಬಲೆ ಎಳೆದಾಗ ಚದರ ಕಿಲೋಮೀಟರಿಗೆ ಸರಾಸರಿ 3,500 ಚೂರುಗಳು, ತೂಕದಲ್ಲಿ 290 ಗ್ರಾಂ, ದೊರೆತವೆಂದು ವರದಿ ಮಾಡಿದರು. ಅವರ ವರದಿಯ ಬಳಿಕವೂ ಜಗತ್ತು ಮೂರು ದಶಕ ನಿದ್ರಿಸಿತೆಂದರೆ ಅತಿಶಯೋಕ್ತಿಯಲ್ಲ. 2004ರಲ್ಲಿ ಇಂಗ್ಲೆಂಡಿನ ರಿಚರ್ಡ್ ಥಾಮ್ಸನ್ ಮತ್ತು ಸಂಗಡಿಗರು ಮಾಡಿದ ಕೆಲಸ ನನ್ನ ದೃಷ್ಟಿಯಲ್ಲಿ ಇಡೀ ಕ್ಷೇತ್ರದಲ್ಲೇ ಅತ್ಯಂತ ಸೊಗಸಾದದ್ದು. ಬ್ರಿಟನ್ನಿನ ಸರಕು ಹಡಗುಗಳ ಹಿಂದೆ ಕಟ್ಟಿ ಎಳೆಯುವ ಒಂದು ಉಪಕರಣ 1931ರಿಂದ ಬಳಕೆಯಲ್ಲಿತ್ತು. ಸಮುದ್ರದ ಪ್ಲವಕಗಳನ್ನು, ಎಂದರೆ ನೀರಿನಲ್ಲಿ ತೇಲುವ ಅತಿ ಸಣ್ಣ ಜೀವಿಗಳನ್ನು, ಅದು ರೇಷ್ಮೆ ಬಟ್ಟೆಯ ಸುರುಳಿಯ ಮೇಲೆ ಹಿಡಿದಿಡುತ್ತಿತ್ತು. ಆ ಸುರುಳಿಗಳನ್ನು ಯಾರೂ ಎಸೆದಿರಲಿಲ್ಲ. ಥಾಮ್ಸನ್ 1960ರ ದಶಕದಿಂದ ಮುಂದಿನ ಸುರುಳಿಗಳನ್ನು ಹೊರತೆಗೆದು ನೋಡಿದಾಗ ಅವುಗಳಲ್ಲಿ ಪ್ಲಾಸ್ಟಿಕ್ ಎಳೆಗಳು ಕಾಲದಿಂದ ಕಾಲಕ್ಕೆ ಹೆಚ್ಚಿರುವುದು ಕಂಡಿತು. ಬೇರೆ ಉದ್ದೇಶಕ್ಕಾಗಿ ಶ್ರದ್ಧೆಯಿಂದ ಕಾಪಾಡಿದ ಹಳೆಯ ದಫ್ತರು ಹೊಸ ಪ್ರಶ್ನೆಗೆ ಸಾಕ್ಷಿ ಹೇಳಿತು. ಸರ್ಕಾರಿ ಕಚೇರಿಯಲ್ಲಿ ಕಡತಗಳ ನಡುವೆ ಬದುಕು ಕಳೆದ ನನ್ನಂಥವನಿಗೆ ಇದು ಕೊಡುವ ಸಮಾಧಾನವೇ ಬೇರೆ.

ಈಗ ಅಳೆಯುವುದು ಹೇಗೆಂದು ನೋಡೋಣ. ಸಮುದ್ರದ ಮೇಲ್ನೀರಿಗೆ ಬಳಸುವ ಬಲೆಗೆ ಒಂದು ಚಪ್ಪಟೆ ಪೆಟ್ಟಿಗೆಯಂತಹ ಲೋಹದ ಬಾಯಿ, ಎರಡು ಪಕ್ಕಕ್ಕೆ ರೆಕ್ಕೆಗಳು. ರೆಕ್ಕೆಗಳಿಂದಾಗಿ ಅದು ಮುಳುಗದೆ ಅರ್ಧ ನೀರಿನೊಳಗೆ, ಅರ್ಧ ಹೊರಗೆ ತೇಲುತ್ತದೆ. ನಮ್ಮ ಕರಾವಳಿಯವರು ತೊರಕೆ ಎಂದು ಕರೆಯುವ ಮೀನಿನ ಜಾತಿಯ ದೈತ್ಯ ಮೀನೊಂದರ ಹೆಸರನ್ನೇ ಇದಕ್ಕಿಟ್ಟು ಮಾಂಟಾ ಬಲೆಯೆನ್ನುತ್ತಾರೆ. ಬಲೆಯ ಕಣ್ಣು ಸಾಮಾನ್ಯವಾಗಿ ಮಿಲಿಮೀಟರಿನ ಮೂರರಲ್ಲೊಂದು ಭಾಗ. ದೋಣಿಯ ಹಿಂದಿನ ನೊರೆಯಿಂದ ಹೊರಗೆ, ಪಕ್ಕಕ್ಕೆ ಸರಿಸಿ, ಗಂಟೆಗೆ ಐದಾರು ಕಿಲೋಮೀಟರ್ ವೇಗದಲ್ಲಿ ಕಾಲು ಗಂಟೆಯಿಂದ ಅರ್ಧ ಗಂಟೆ ಎಳೆಯಬೇಕು. ಬಾಯಿಗೆ ಕಟ್ಟಿದ ಚಿಕ್ಕ ಚಕ್ರವೊಂದು ಎಷ್ಟು ನೀರು ಹಾದುಹೋಯಿತೆಂದು ಎಣಿಸುತ್ತದೆ. ಬಾಲದಲ್ಲಿ ಶೇಖರವಾದುದನ್ನು ತೊಳೆದು ಸೀಸೆಗೆ ತುಂಬುತ್ತಾರೆ.

ಸಂಖ್ಯೆ ಹುಟ್ಟುವುದು ಇಲ್ಲಿಯೇ. ಉದಾಹರಣೆಗೆಂದು ಒಂದು ಲೆಕ್ಕ ಹಾಕೋಣ. ಬಲೆಯ ಬಾಯಿ 60 ಸೆಂಟಿಮೀಟರ್ ಅಗಲವಿದ್ದು ಒಂದೂವರೆ ಕಿಲೋಮೀಟರ್ ಎಳೆದರೆ ಗುಡಿಸಿದ ಕ್ಷೇತ್ರ 900 ಚದರ ಮೀಟರ್. ಅದರಲ್ಲಿ 45 ಚೂರುಗಳು ಸಿಕ್ಕರೆ ಚದರ ಕಿಲೋಮೀಟರಿಗೆ 50,000 ಎಂದಾಗುತ್ತದೆ. ಪತ್ರಿಕೆಯ ತಲೆಬರಹದಲ್ಲಿ ಬರುವುದು ಈ ಐವತ್ತು ಸಾವಿರ, ಸೀಸೆಯಲ್ಲಿದ್ದದ್ದು ನಲವತ್ತೈದು. ಎಣಿಸುವವನ ಕಣ್ಣಿಗೆ ಒಂದು ಚೂರು ತಪ್ಪಿದರೆ ಸಮುದ್ರದಲ್ಲಿ ಸಾವಿರದ ನೂರಕ್ಕಿಂತ ಹೆಚ್ಚು ಚೂರುಗಳು ಮಾಯವಾಗುತ್ತವೆ. ಅವನ ಅಂಗಿಯ ಒಂದು ಎಳೆ ಸೀಸೆಗೆ ಬಿದ್ದರೆ ಅಷ್ಟೇ ಹೊಸದಾಗಿ ಹುಟ್ಟುತ್ತವೆ! ಆದುದರಿಂದಲೇ ಪ್ರಯೋಗಾಲಯದವರು ಹತ್ತಿಯ ಬಟ್ಟೆ ಧರಿಸುತ್ತಾರೆ; ಮಾದರಿಯ ಪಕ್ಕದಲ್ಲಿ ಖಾಲಿ ಬಟ್ಟಲೊಂದನ್ನು ತೆರೆದಿಟ್ಟು, ಗಾಳಿಯಿಂದ ಅದಕ್ಕೆ ಎಷ್ಟು ಎಳೆಗಳು ಬಿದ್ದವೆಂದು ಎಣಿಸಿ ಕಳೆಯುತ್ತಾರೆ. ಒಂದು ವರದಿಯನ್ನು ನಂಬಬೇಕೋ ಬೇಡವೋ ಎಂದು ತಿಳಿಯಲು ನಾನು ಮೊದಲು ಹುಡುಕುವುದು ಈ ಖಾಲಿ ಬಟ್ಟಲಿನ ಉಲ್ಲೇಖವನ್ನು.

ಸೀಸೆಯಲ್ಲಿ ಬಂದದ್ದರಲ್ಲಿ ಪಾಚಿ, ಮೀನಿನ ಮೊಟ್ಟೆ, ಸೀಗಡಿಯ ಮರಿ, ಗರಿ, ಕಡ್ಡಿ ಎಲ್ಲವೂ ಇರುತ್ತವೆ. ಜರಡಿ ಹಿಡಿದು, ಹೈಡ್ರೋಜನ್ ಪೆರಾಕ್ಸೈಡಿಗೆ ತುಸು ಕಬ್ಬಿಣದ ಲವಣ ಸೇರಿಸಿ ಜೈವಿಕ ಪದಾರ್ಥವನ್ನು ಕರಗಿಸುತ್ತಾರೆ. ಉಳಿದುದನ್ನು ದಟ್ಟ ಉಪ್ಪುನೀರಿಗೆ ಹಾಕಿದರೆ ಮರಳು ತಳ ಸೇರಿ ಪ್ಲಾಸ್ಟಿಕ್ ಮೇಲೆ ಬರುತ್ತದೆ. ನಮ್ಮ ತಾಯಂದಿರು ಜೊಳ್ಳು ಬೀಜವನ್ನು ನೀರಿಗೆ ಹಾಕಿ ಬೇರ್ಪಡಿಸುವ ಕ್ರಮವೇ ಇದು. ಕೊನೆಯಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಎಣಿಕೆ, ಅವಕೆಂಪು ಕಿರಣದ ಪರೀಕ್ಷೆಯಿಂದ ಅದು ಪಾಲಿಥೀನೋ ಪಾಲಿಪ್ರೊಪಿಲೀನೋ ಎಂಬ ನಿರ್ಧಾರ. ಈ ಕೊನೆಯ ಹಂತವಿಲ್ಲದೆ ಕೇವಲ ಕಣ್ಣಳತೆಯಿಂದ ಎಣಿಸಿದ ವರದಿಗಳೂ ಇವೆ. ಬಿಳಿಚಿದ ಪಾಚಿಯ ಎಳೆ, ಚಿಪ್ಪಿನ ಚೂರುಗಳು ಕಣ್ಣನ್ನು ಸುಲಭವಾಗಿ ಮೋಸಗೊಳಿಸುತ್ತವೆ.

ಇಷ್ಟೆಲ್ಲ ಜಾಗರೂಕತೆಯಿಂದ ಅಳೆದರೂ ಬಲೆ ನೋಡುವುದು ಸಮುದ್ರದ ಒಂದು ಅಂಶವನ್ನು ಮಾತ್ರ. ಕಡಲ ನೀರಿನ ಸಾಂದ್ರತೆ ಸುಮಾರು 1.025. ಚೀಲದ ಪಾಲಿಥೀನ್, ಮುಚ್ಚಳದ ಪಾಲಿಪ್ರೊಪಿಲೀನ್ ಇದಕ್ಕಿಂತ ಹಗುರ, ಅವು ತೇಲುತ್ತವೆ. ನೀರಿನ ಬಾಟಲಿಯ ಪ್ಲಾಸ್ಟಿಕ್ಕಿನ ಸಾಂದ್ರತೆ ಸುಮಾರು 1.38, ಬಲೆಯ ನೈಲಾನಿನದು 1.14, ಇವುಗಳ ಚೂರು ಮುಳುಗುತ್ತದೆ. ಆದ್ದರಿಂದ ಮೇಲ್ನೀರಿನ ಬಲೆಯಲ್ಲಿ ಬಾಟಲಿಯ ಮುಚ್ಚಳದ ಚೂರು ಸಿಕ್ಕು ಬಾಟಲಿಯ ಚೂರು ಸಿಗದಿರುವುದು ಸಾಮಾನ್ಯ. ಬಾಟಲಿಯವನು ನಿರಪರಾಧಿಯೆಂದು ಇದರಿಂದ ತೀರ್ಮಾನಿಸಲಾಗದು. ಪಿಂಪರಿ ಚಿಂಚವಡದ ನಾವು ವಿಶೇಷವಾಗಿ ಗಮನಿಸಬೇಕಾದದ್ದು ವಾಹನದ ಟೈರು ಸವೆದ ಪುಡಿಯನ್ನು. ಹಳೆಯ ಹೆದ್ದಾರಿಯ ಮೇಲೆ ಹಗಲಿರುಳು ಉದುರುವ ಈ ಪುಡಿ ಮಳೆನೀರಿನೊಡನೆ ಹಳ್ಳ ಸೇರುತ್ತದೆ. ಅದು ನೀರಿಗಿಂತ ಭಾರ, ಬಹುಪಾಲು ಬಲೆಯ ಕಣ್ಣಿಗಿಂತ ಚಿಕ್ಕದು. ಸಾಲದೆಂಬಂತೆ ಅದರಲ್ಲಿರುವ ಇಂಗಾಲದ ಕಪ್ಪು ಅವಕೆಂಪು ಪರೀಕ್ಷೆಯನ್ನೂ ಮಸುಕುಗೊಳಿಸುತ್ತದೆ. ಮೂರು ಕಾವಲುಗಾರರ ಕಣ್ಣನ್ನೂ ತಪ್ಪಿಸುವ ಕಳ್ಳನಿದ್ದಂತೆ.

ಗಾಳಿಯ ಪ್ರಭಾವವೂ ಇದೆ. ಗಾಳಿ ಬೀಸಿದಾಗ ಅಲೆಗಳು ತೇಲುವ ಚೂರುಗಳನ್ನು ಒಂದೆರಡು ಮೀಟರು, ಕೆಲವೊಮ್ಮೆ ಇನ್ನೂ ಕೆಳಕ್ಕೆ ಕಲಕಿಬಿಡುತ್ತವೆ. ಅದೇ ಸ್ಥಳದಲ್ಲಿ ಶಾಂತ ದಿನ ಎಳೆದ ಬಲೆಗೂ ಗಾಳಿಯ ದಿನ ಎಳೆದ ಬಲೆಗೂ ಬೇರೆ ಬೇರೆ ಉತ್ತರ ಬರುತ್ತದೆ. ಸಮುದ್ರ ಮಾತ್ರ ಒಂದೇ. ಗಾಳಿಯ ವೇಗವನ್ನು ಬರೆದಿಡದ ವರದಿ ಬೆಲೆ ಕಳೆದುಕೊಳ್ಳುತ್ತದೆ.

ಈ ಮಾತನ್ನು ನಮ್ಮ ಪಶ್ಚಿಮ ಕರಾವಳಿಗೆ ಅನ್ವಯಿಸಿ ನೋಡಿದಾಗ ಒಂದು ವಿಚಿತ್ರ ಕಾಣುತ್ತದೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ನೇತ್ರಾವತಿಗಳು ಘಟ್ಟದ ಮೇಲಿನ ಮತ್ತು ಊರುಗಳ ಕಸವನ್ನು ಕಡಲಿಗೆ ಒಯ್ಯುವುದು ಮುಖ್ಯವಾಗಿ ಜೂನ್, ಜುಲೈ, ಆಗಸ್ಟ್ ತಿಂಗಳುಗಳಲ್ಲಿ. ಕರ್ನಾಟಕ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುತ್ತದೆ. ಮೀನಿನ ಸಂತಾನದ ದೃಷ್ಟಿಯಿಂದ ಅದು ಉಚಿತವೇ ಆಗಿದೆ. ದೊಡ್ಡ ಅಲೆಗಳ ಮೇಲೆ ಚಪ್ಪಟೆ ಬಲೆಯನ್ನು ಎಳೆಯುವುದೂ ಕಷ್ಟ. ಹೀಗಾಗಿ ಅಕ್ಟೋಬರಿನಿಂದ ಮೇವರೆಗಿನ ಶಾಂತ ಕಾಲದಲ್ಲಿ ಅಳೆಯುವುದು ಎಲ್ಲರಿಗೂ ಅನುಕೂಲ. ಮದುವೆಯ ಛತ್ರದಲ್ಲಿ ಊಟವೆಲ್ಲ ಮುಗಿದ ಮೇಲೆ ಬಂದು ಎಲೆ ಎಣಿಸಿದಂತೆ ಇದು. ಎಲೆಗಳನ್ನು ಆಗಲೇ ಎತ್ತಿ ಹಾಕಿರುತ್ತಾರೆ. ಅಷ್ಟೇ ಅಲ್ಲ, ಮುಂಗಾರಿನಲ್ಲಿ ನಮ್ಮ ತೀರದ ಪ್ರವಾಹ ದಕ್ಷಿಣಕ್ಕೆ ಹರಿಯುತ್ತದೆ, ಚಳಿಗಾಲದಲ್ಲಿ ತಿರುಗಿ ಉತ್ತರಕ್ಕೆ. ಮಂಗಳೂರಿನ ನದಿ ಜುಲೈಯಲ್ಲಿ ಹೊರಗೆ ಹಾಕಿದ್ದು ಕೇರಳದ ಕಡೆಗೂ, ಕೇರಳದ್ದು ಡಿಸೆಂಬರಿನಲ್ಲಿ ಕಾಸರಗೋಡು, ಉಳ್ಳಾಲಗಳ ಕಡೆಗೂ ಸಾಗಬಹುದು. ಭಾಷಾವಾರು ಪ್ರಾಂತಗಳ ಗಡಿಯನ್ನು ಸಮುದ್ರ ಓದಿಲ್ಲ.

ನಮ್ಮಲ್ಲಿ ಕೆಲಸ ನಡೆದೇ ಇಲ್ಲವೆಂದು ಇದರ ಅರ್ಥವಲ್ಲ. ಮಂಗಳೂರು ವಿಶ್ವವಿದ್ಯಾಲಯದ ಸಂಶೋಧಕರು ಕರ್ನಾಟಕದ ಕಡಲತೀರಗಳ ಪ್ಲಾಸ್ಟಿಕ್ಕಿನ ಬಗ್ಗೆ 2009ರಷ್ಟು ಹಿಂದೆಯೇ ಪ್ರಕಟಿಸಿದ್ದಾರೆ. ಮಣಿಪಾಲದ ವಿಜ್ಞಾನಿಗಳು ನೇತ್ರಾವತಿಯನ್ನು ಮೂಲದಿಂದ ಮುಖದವರೆಗೆ ಪರೀಕ್ಷಿಸಿ 2020ರಲ್ಲಿ ನೀಡಿದ ವರದಿಯ ಪ್ರಕಾರ ನೀರಿನಲ್ಲಿ ಘನಮೀಟರಿಗೆ ಸರಾಸರಿ 288 ಕಣಗಳು, ತಳದ ಕೆಸರಿನಲ್ಲಿ ಕಿಲೋಗ್ರಾಮಿಗೆ 96 ಕಣಗಳು ಇದ್ದವು. ಗುಜರಾತಿನ ಅಲಂಗ್ ಹಡಗು ಒಡೆಯುವ ತೀರದ ಕೆಸರಿನಲ್ಲಿ ಕಿಲೋಗ್ರಾಮಿಗೆ ಸರಾಸರಿ 81 ಮಿಲಿಗ್ರಾಂ ಪ್ಲಾಸ್ಟಿಕ್ ಚೂರುಗಳಿದ್ದುದನ್ನು ಭಾವನಗರದ ವಿಜ್ಞಾನಿಗಳು 2006ರಲ್ಲಿ ತೋರಿಸಿಕೊಟ್ಟರು. ಎಲ್ಲವೂ ಪರಿಶ್ರಮದ ಕೆಲಸಗಳೇ. ಆದರೆ ಒಂದು ಕ್ಷಣ ಇವನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಸರ್ಗಾಸೋದ್ದು ಚದರ ಕಿಲೋಮೀಟರಿಗೆ ಇಷ್ಟು ಚೂರು, ನೇತ್ರಾವತಿಯದು ಘನಮೀಟರಿಗೆ ಇಷ್ಟು ಕಣ, ಅಲಂಗಿನದು ಕಿಲೋಗ್ರಾಮಿಗೆ ಇಷ್ಟು ಮಿಲಿಗ್ರಾಂ. ಒಬ್ಬ ಅಂಗಡಿಯವ ಸೇರಿನಲ್ಲಿ, ಇನ್ನೊಬ್ಬ ಗಜದಲ್ಲಿ, ಮತ್ತೊಬ್ಬ ಡಜನಿನಲ್ಲಿ ಮಾರಿದರೆ ಯಾರ ಮಾಲು ಸೋವಿಯೆಂದು ಹೇಗೆ ಹೇಳುವುದು? ದೇಶದೊಳಗೆ ತೂಕ ಅಳತೆಗಳನ್ನು ಒಂದು ಮಾಡಲು 1956ರಲ್ಲಿ ಸಂಸತ್ತು ಕಾಯಿದೆ ಮಾಡಬೇಕಾಯಿತು. ಸೇರು, ಮಣ, ತೊಲಗಳು ಮರೆಯಾಗಲು ಇನ್ನೂ ಹಲವು ವರ್ಷ ಹಿಡಿಯಿತು. ಸೂಕ್ಷ್ಮ ಪ್ಲಾಸ್ಟಿಕ್ಕಿನ ವಿಜ್ಞಾನ ಇನ್ನೂ ಸೇರು ಮಣಗಳ ಕಾಲದಲ್ಲಿದೆ.

ಇದರ ಪರಿಣಾಮ ಪಂಡಿತರ ಚರ್ಚೆಗೆ ಸೀಮಿತವಾಗಿ ಉಳಿಯುವುದಿಲ್ಲ. 2017ರಲ್ಲಿ ಜರ್ಮನಿಯ ಸಂಶೋಧಕರ ಒಂದು ಅಂದಾಜು ಪ್ರಕಟವಾಯಿತು: ಜಗತ್ತಿನ ನದಿಗಳಿಂದ ಸಮುದ್ರ ಸೇರುವ ಪ್ಲಾಸ್ಟಿಕ್ಕಿನಲ್ಲಿ ಶೇಕಡಾ 88ರಿಂದ 95ರಷ್ಟು ಕೇವಲ ಹತ್ತು ನದಿಗಳದ್ದು, ಅವುಗಳಲ್ಲಿ ಸಿಂಧೂ ಗಂಗೆಗಳೂ ಸೇರಿವೆ ಎಂದು. ನಾಲ್ಕು ವರ್ಷಗಳ ನಂತರ, 2021ರಲ್ಲಿ, ಇನ್ನೊಂದು ತಂಡ ಹೊಸ ಲೆಕ್ಕ ಹಾಕಿ ಶೇಕಡಾ 80ರಷ್ಟನ್ನು ತುಂಬಿಸಲು ಸಾವಿರಕ್ಕೂ ಹೆಚ್ಚು ನದಿಗಳು ಬೇಕೆಂದಿತು. ಊರಿನ ನಡುವೆ ಹರಿದು ಬೇಗನೆ ಕಡಲು ಸೇರುವ ಸಣ್ಣ ನದಿಗಳೇ ಹೆಚ್ಚು ಅಪಾಯಕಾರಿಯೆಂದಿತು. ನಾನು ಮೊದಲು ಹೇಳಿದ, ಘಟ್ಟದ ಆಚೆ ಮಗ್ಗುಲಿನ ಉಲ್ಹಾಸ ಆ ಪಟ್ಟಿಯ ಮೇಲ್ತುದಿಗೆ ಬಂತು. ಮೊದಲನೆಯ ಲೆಕ್ಕವನ್ನು ನಂಬಿದ ಸರ್ಕಾರ ತನ್ನ ಹಣವನ್ನೆಲ್ಲ ಗಂಗೆಗೆ ಸುರಿಯುತ್ತದೆ. ಎರಡನೆಯದನ್ನು ನಂಬಿದರೆ ಉಲ್ಹಾಸ, ಮೀಠಿ, ನೇತ್ರಾವತಿ, ಗುರುಪುರ ನದಿಗಳತ್ತ ನೋಡಬೇಕಾಗುತ್ತದೆ. ಎರಡೂ ಲೆಕ್ಕಗಳು ಬಹುಮಟ್ಟಿಗೆ ಅಂದಾಜಿನ ಸೂತ್ರಗಳಿಂದ ಹುಟ್ಟಿದವು. ನದಿಯಲ್ಲಿ ನಿಜವಾಗಿ ಇಳಿದ ಬಲೆಗಳು ಕೆಲವೇ.

ಭಯ ಹುಟ್ಟಿಸುವ ಅಂಕಿಗಳ ಬಗ್ಗೆಯೂ ಒಂದು ಮಾತು. ಮನುಷ್ಯ ವಾರಕ್ಕೊಂದು ಕ್ರೆಡಿಟ್ ಕಾರ್ಡಿನಷ್ಟು, ಅಂದರೆ ಐದು ಗ್ರಾಂ, ಪ್ಲಾಸ್ಟಿಕ್ ನುಂಗುತ್ತಾನೆಂದು 2019ರಲ್ಲಿ ಪ್ರಚಾರವಾದದ್ದು ನಿಮ್ಮಲ್ಲಿ ಹಲವರ ಮೊಬೈಲಿಗೂ ಬಂದಿರಬೇಕು. ಕಣಗಳ ಸಂಖ್ಯೆಯನ್ನು ತೂಕಕ್ಕೆ ಬದಲಾಯಿಸಿದ ರೀತಿಯಲ್ಲಿ ಆ ಲೆಕ್ಕ ವಿಪರೀತವಾಗಿ ಉಬ್ಬಿದೆಯೆಂದು ಬೇರೆ ವಿಜ್ಞಾನಿಗಳು ಅನಂತರ ತೋರಿಸಿದರು. ಅದು ಸುಳ್ಳಾದ ಮಾತ್ರಕ್ಕೆ ಸಮಸ್ಯೆ ಸುಳ್ಳಾಗುವುದಿಲ್ಲ. ಆದರೆ ಉಬ್ಬಿದ ಅಂಕಿಯನ್ನು ನಂಬಿದವನು, ಅದು ಒಡೆದ ದಿನ ನಿಜವಾದ ಅಂಕಿಯನ್ನೂ ನಂಬದವನಾಗುತ್ತಾನೆ. ಕಾರ್ಖಾನೆಯವರ ವಕೀಲರಿಗೆ ಇದಕ್ಕಿಂತ ಹೆಚ್ಚಿನ ಅನುಕೂಲ ಇನ್ನೇನು?

ವಕೀಲರ ಮಾತು ಬಂದದ್ದರಿಂದ ಈ ವಿಷಯದ ತಿರುಳಿಗೆ ಬರುತ್ತೇನೆ. 2021ರ ಮೇ ತಿಂಗಳಲ್ಲಿ ಕೊಲಂಬೊ ಬಳಿ ಎಕ್ಸ್‌ಪ್ರೆಸ್ ಪರ್ಲ್ ಎಂಬ ಹಡಗಿಗೆ ಬೆಂಕಿ ಬಿತ್ತು. ಅದರಲ್ಲಿದ್ದ ಸುಮಾರು 1,680 ಟನ್ ಪ್ಲಾಸ್ಟಿಕ್ ಕಾಳುಗಳು ಸಮುದ್ರದ ಪಾಲಾದವು. ಶ್ರೀಲಂಕಾದ ತೀರದ ಮೇಲೆ ಅವು ಮೊಣಕಾಲುದ್ದ ರಾಶಿ ಬಿದ್ದ ಚಿತ್ರಗಳನ್ನು ನೀವು ನೋಡಿರಬಹುದು. 2025ರ ಜುಲೈಯಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ನೂರು ಕೋಟಿ ಡಾಲರ್ ಪರಿಹಾರ ನೀಡುವಂತೆ ಆದೇಶಿಸಿತು. ಅದಕ್ಕೆ ಎರಡು ತಿಂಗಳ ಹಿಂದೆ, 2025ರ ಮೇ 25ರಂದು, ನಮ್ಮದೇ ಅರಬ್ಬಿ ಸಮುದ್ರದಲ್ಲಿ, ಕೊಚ್ಚಿಯ ಬಳಿ, ಎಂಎಸ್‌ಸಿ ಎಲ್ಸಾ 3 ಎಂಬ ಹಡಗು 640 ಕಂಟೇನರುಗಳೊಡನೆ ಮುಳುಗಿತು. ಮುಂಗಾರಿನ ಪ್ರವಾಹ ದಕ್ಷಿಣಕ್ಕೆಂದು ಹೇಳಿದೆನಲ್ಲ, ಅದಕ್ಕೆ ತಕ್ಕಂತೆಯೇ ಬಿಳಿಯ ಕಾಳುಗಳು ತಿರುವನಂತಪುರದ ತೀರಗಳಿಗೆ ಬಂದು ಬಿದ್ದವು. ಅದೇ ಅಪಘಾತ ಡಿಸೆಂಬರಿನಲ್ಲಿ ನಡೆದಿದ್ದರೆ ಮಂಜೇಶ್ವರ, ಸೋಮೇಶ್ವರ, ಮಲ್ಪೆಗಳ ಮರಳಿನಲ್ಲಿ ಅವನ್ನು ಹೆಕ್ಕಬೇಕಾಗುತ್ತಿತ್ತು. ಕೇರಳ ಸರ್ಕಾರ 9,531 ಕೋಟಿ ರೂಪಾಯಿಗಳ ಪರಿಹಾರಕ್ಕಾಗಿ ತನ್ನ ಉಚ್ಚ ನ್ಯಾಯಾಲಯದಲ್ಲಿ ದಾವೆ ಹೂಡಿತು.

ಇಂತಹ ದಾವೆಯಲ್ಲಿ ಪ್ರತಿವಾದಿ ಕೇಳಬಹುದಾದ ಮೊದಲ ಪ್ರಶ್ನೆ ಏನೆಂದು ನೀವೇ ಊಹಿಸಬಲ್ಲಿರಿ. ನಮ್ಮ ಹಡಗು ಮುಳುಗುವ ಮೊದಲು ಈ ನೀರಿನಲ್ಲಿ, ಈ ಮರಳಿನಲ್ಲಿ ಎಷ್ಟು ಪ್ಲಾಸ್ಟಿಕ್ ಇತ್ತು? ಹಾಗೆ ಕೇಳಿದಾಗ ಹಿಂದಿನ ಹತ್ತು ವರ್ಷಗಳ, ಒಂದೇ ಬಗೆಯ ಬಲೆಯ, ಒಂದೇ ಏಕಮಾನದ, ಎಲ್ಲ ಋತುಗಳ ದಾಖಲೆಯನ್ನು ಮುಂದಿಡಬೇಕು. ಮಹಾರಾಷ್ಟ್ರದಲ್ಲಿ ಜಮೀನು ಕೊಂಡ ನಮಗೆಲ್ಲ ಸಾತ್‌ಬಾರಾ ಏನೆಂದು ಗೊತ್ತು. ಊರಿನಲ್ಲಿ ಅದನ್ನೇ ಉತಾರ ಎನ್ನುತ್ತೇವೆ, ಪಹಣಿ ಎನ್ನುತ್ತೇವೆ. ತಲೆಮಾರುಗಳಿಂದ ಉತ್ತ ಹೊಲವಾದರೂ ಉತಾರದಲ್ಲಿ ಹೆಸರಿಲ್ಲದಿದ್ದರೆ ಕಚೇರಿಯಲ್ಲಿ ಮಾತು ನಡೆಯುವುದಿಲ್ಲ. ನಮ್ಮ ಕಡಲಿಗೆ ಉತಾರ ಬೇಕಾಗಿದೆ. ಮಲ್ಪೆಯ ಮೀನುಗಾರನ ನಷ್ಟ ನಾಳೆ ನ್ಯಾಯಾಲಯಕ್ಕೆ ಬಂದರೆ ಅವನ ಪರವಾಗಿ ಸಾಕ್ಷಿ ಹೇಳಬಲ್ಲದ್ದು ಅದೊಂದೇ. ಬೂತಾಯಿ, ಬಂಗುಡೆಗಳು ಕಿವಿರಿನ ಜರಡಿಯಿಂದ ಪ್ಲವಕಗಳನ್ನು ಸೋಸಿ ತಿನ್ನುವ ಮೀನುಗಳು. ವಿಜ್ಞಾನಿಯ ಬಲೆಗೆ ಸಿಗುವ ಗಾತ್ರದ ಚೂರುಗಳೇ ಅವುಗಳ ಬಾಯಿಗೂ ಸಿಗುತ್ತವೆ. ಕರಾವಳಿಯ ಬಡವನ ಊಟ ಈ ಎರಡು ಮೀನುಗಳ ಮೇಲೆ ನಿಂತಿದೆ.

ಉತಾರದ ಮೊದಲ ಪುಟ ನಮ್ಮಲ್ಲಿಯೂ ಇದ್ದೀತೆಂಬುದು ನನ್ನ ಆಸೆ. 1960ರಿಂದ 1965ರವರೆಗೆ ಅಂತಾರಾಷ್ಟ್ರೀಯ ಹಿಂದೂ ಮಹಾಸಾಗರ ಶೋಧಯಾತ್ರೆ ನಡೆಯಿತು. ಗೋವೆಯ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆ 1966ರಲ್ಲಿ ಹುಟ್ಟಿದ್ದು ಅದರ ಫಲವಾಗಿಯೇ. ಆ ಯಾತ್ರೆಯಲ್ಲಿ ಹಲವು ದೇಶಗಳ ಹಡಗುಗಳು ಹಿಡಿದ ಪ್ಲವಕಗಳನ್ನು ವಿಂಗಡಿಸಲು ಕೊಚ್ಚಿಯಲ್ಲಿ ಒಂದು ಕೇಂದ್ರ ಸ್ಥಾಪನೆಯಾಯಿತು. ಅಂದು ಎಲ್ಲ ದೇಶಗಳಿಗೂ ಒಂದೇ ಬಗೆಯ ಬಲೆಯನ್ನು ಗೊತ್ತುಮಾಡಿದ್ದರು. ಅದರ ಕಣ್ಣು ಮಿಲಿಮೀಟರಿನ 0.33 ಭಾಗ. ಇಂದಿನ ಮಾಂಟಾ ಬಲೆಯ ಕಣ್ಣೂ ಹೆಚ್ಚುಕಡಿಮೆ ಅದೇ! ಅದು ಮೇಲ್ನೀರಿನ ಬಲೆಯಾಗಿರದೆ ಆಳದಿಂದ ಮೇಲಕ್ಕೆ ಎಳೆಯುವ ಬಲೆಯಾಗಿತ್ತೆಂಬ ವ್ಯತ್ಯಾಸವನ್ನು ನಾನು ಮರೆಮಾಚುವುದಿಲ್ಲ. ಆದರೂ ಪ್ಲಾಸ್ಟಿಕ್ ಇನ್ನೂ ಮನೆಮನೆಗೆ ಬಾರದಿದ್ದ ಕಾಲದ ಹಿಂದೂ ಮಹಾಸಾಗರವನ್ನು ಥಾಮ್ಸನ್ನರಂತೆ ಇನ್ನೊಮ್ಮೆ ತೆರೆದು ನೋಡುವ ಕೆಲಸಕ್ಕೆ ಯುವಕರು ಯಾರಾದರೂ ಮುಂದಾಗಬೇಕು. ಕಾರವಾರದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗವಿದೆ, ಮಂಗಳೂರಿನಲ್ಲಿ ಮೀನುಗಾರಿಕಾ ಕಾಲೇಜಿದೆ. ಪ್ಲವಕದ ಬಲೆ ಇವರಿಗೆ ಹೊಸದಲ್ಲ.

ಪುನಃ ನಮ್ಮ ಭೀಮೆಗೆ ಬರುತ್ತೇನೆ. ಯುರೋಪಿನ ರೈನ್ ನದಿ ಸ್ವಿಟ್ಜರ್ಲೆಂಡ್, ಫ್ರಾನ್ಸ್, ಜರ್ಮನಿ, ನೆದರ್ಲೆಂಡ್ಸ್‌ಗಳನ್ನು ಹಾಯುತ್ತದೆ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬಾಸೆಲಿನಿಂದ ರಾಟರ್‌ಡ್ಯಾಮಿನವರೆಗೆ 820 ಕಿಲೋಮೀಟರ್ ಉದ್ದಕ್ಕೂ 11 ಕಡೆ ಒಂದೇ ಬಗೆಯ ಬಲೆಯಿಂದ ಮೇಲ್ನೀರನ್ನು ಅಳೆದರು. ಸರಾಸರಿ ಚದರ ಕಿಲೋಮೀಟರಿಗೆ 8,92,777 ಕಣಗಳು. ಜರ್ಮನಿಯ ಕೈಗಾರಿಕಾ ಪ್ರದೇಶವಾದ ರೂರ್‌ನ ಬಳಿ ಅತಿ ಹೆಚ್ಚು. ಯಾವ ದೇಶದ ಯಾವ ಊರಿನ ಕೆಳಗೆ ಅಂಕಿ ಏರುತ್ತದೆಂಬುದು ಕನ್ನಡಿಯಲ್ಲಿ ಕಂಡಂತೆ ಕಂಡಿತು. ಭೀಮೆಯ ಉದ್ದ 861 ಕಿಲೋಮೀಟರ್, ಹೆಚ್ಚುಕಡಿಮೆ ಅಷ್ಟೇ. ಕೇಂದ್ರ ಜಲ ಆಯೋಗದ ಮಾಪನ ಕೇಂದ್ರಗಳು ಸೊಲ್ಲಾಪುರ ಜಿಲ್ಲೆಯ ಟಾಕಳಿಯಲ್ಲಿ, ನಮ್ಮ ಯಾದಗಿರಿಯಲ್ಲಿ ಮೊದಲೇ ಇವೆ. ನೀರಿನ ಮಟ್ಟ, ಹರಿವು, ಹೂಳುಗಳನ್ನು ಬರೆದಿಡುವ ಸಿಬ್ಬಂದಿ ಮಳೆಗಾಲದಲ್ಲೂ ಅಲ್ಲಿರುತ್ತಾರೆ. ಸಮುದ್ರದಲ್ಲಿ ದೋಣಿ ಹೋಗಲಾರದ ಜೂನ್ ಜುಲೈಯಲ್ಲಿ ನದಿಯ ಸೇತುವೆಯಿಂದ ಬಲೆ ಇಳಿಬಿಡಲು ಅಡ್ಡಿಯಿಲ್ಲ. ಪುಣೆಯ ಕೆಳಗೆ ಒಂದು, ಉಜನಿಯ ಕೆಳಗೆ ಒಂದು, ಟಾಕಳಿಯಲ್ಲಿ ಒಂದು, ಯಾದಗಿರಿಯಲ್ಲಿ ಒಂದು ಬಲೆ ಐದು ವರ್ಷ ಇಳಿದರೆ, ಉಜನಿಯ ಹೂಳಿನಲ್ಲಿ ಎಷ್ಟು ಉಳಿಯಿತು, ಬಾಗಿಲು ತೆರೆದ ಮಹಾಪೂರದಲ್ಲಿ ಎಷ್ಟು ಗಡಿ ದಾಟಿತು, ಕನ್ನಡ ನೆಲ ತನ್ನ ಪಾಲಿನದೆಂದು ಎಷ್ಟು ಸೇರಿಸಿತು ಎಂಬುದೆಲ್ಲ ಬಯಲಾಗುತ್ತದೆ. ಈ ಕೊನೆಯ ಅಂಕಿ ನಮ್ಮ ಅಭಿಮಾನಕ್ಕೆ ಹಿತವಾಗಿರಬೇಕೆಂಬ ನಿಯಮವಿಲ್ಲ. ನೀರಿನ ಹಕ್ಕಿನ ಸಭೆಗಳಲ್ಲಿ ನಾವು ಕೆಳಗಿನ ರಾಜ್ಯದವರಾಗಿ ಮಾತನಾಡುತ್ತೇವೆ. ಸ್ನಾನದ ಮನೆಯಲ್ಲಿ, ಬಟ್ಟೆ ಒಗೆಯುವ ಯಂತ್ರದ ಮುಂದೆ, ನಿಗಡಿಯ ನಾವು ಮೇಲಿನ ರಾಜ್ಯದವರು. ಮಹಾರಾಷ್ಟ್ರದಲ್ಲಿ 2018ರ ನಿಷೇಧ, ಕರ್ನಾಟಕದಲ್ಲಿ 2016ರ ನಿಷೇಧ, ದೇಶಕ್ಕೆಲ್ಲ 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ವಸ್ತುಗಳ ನಿಷೇಧ ಬಂದವು. ಇವುಗಳಿಂದ ನದಿಯಲ್ಲಿ ಏನು ವ್ಯತ್ಯಾಸವಾಯಿತೆಂದು ವಿಧಾನಸಭೆಯಲ್ಲಿ ಯಾರಾದರೂ ಕೇಳಿದರೆ ವಶಪಡಿಸಿಕೊಂಡ ಚೀಲಗಳ ತೂಕ, ವಸೂಲಾದ ದಂಡದ ಮೊತ್ತ ಉತ್ತರವಾಗಿ ಬರುತ್ತದೆ. ನದಿಯ ಉತ್ತರ ಅದಲ್ಲ.

ಇದು ಸರ್ಕಾರದ ಕೆಲಸ, ಸಂಘ ಮಾಡುವುದೇನೆಂದು ನೀವು ಕೇಳಬಹುದು. ಜಪಾನಿನ ಪ್ರಾಧ್ಯಾಪಕ ಹಿದೆಶಿಗೆ ತಕಾದಾ 2005ರಲ್ಲಿ ಜಗತ್ತಿನ ಜನರಿಗೆ ಒಂದು ಮನವಿ ಮಾಡಿದರು: ನಿಮ್ಮ ಊರಿನ ಕಡಲತೀರದಲ್ಲಿ ಪ್ಲಾಸ್ಟಿಕ್ ಕಾಳುಗಳು ಸಿಕ್ಕರೆ ಹೆಕ್ಕಿ, ಅಂಚೆಯಲ್ಲಿ ಕಳಿಸಿ. ಅನೇಕ ದೇಶಗಳಿಂದ ಲಕೋಟೆಗಳು ಬಂದವು. ಕಾಳುಗಳು ಹೀರಿಕೊಂಡ ವಿಷಗಳನ್ನು ಪರೀಕ್ಷಿಸಿ ಅವರು ಜಗತ್ತಿನ ನಕ್ಷೆಯನ್ನೇ ಸಿದ್ಧಪಡಿಸಿದರು. ಹಡಗಿಲ್ಲದೆ, ಅನುದಾನದ ಆಡಂಬರವಿಲ್ಲದೆ ನಡೆದ ಕೆಲಸ.

ನಮ್ಮಲ್ಲಿ ಅನೇಕರ ಮನೆಗಳು ಕಾರವಾರ, ಕುಮಟಾ, ಹೊನ್ನಾವರ, ಕುಂದಾಪುರ, ಉಡುಪಿ, ಕಾಸರಗೋಡುಗಳ ಕಡೆ ಇವೆ. ರಜೆಯಲ್ಲಿ ಮಕ್ಕಳೊಡನೆ ಹೋಗುತ್ತೇವೆ. ಸಂಘದ ವತಿಯಿಂದ ಒಂದು ಪುಟದ ನಮೂನೆಯನ್ನು ಸಿದ್ಧಪಡಿಸಿ ತಂದಿದ್ದೇನೆ, ಹೊರಗಿನ ಮೇಜಿನ ಮೇಲಿದೆ. ಭರತದ ನೀರು ಕಸ ಬಿಟ್ಟುಹೋದ ಗೆರೆಯನ್ನು ಹುಡುಕಿ, ಅದರ ಮೇಲೆ ಒಂದು ಮೀಟರ್ ಚೌಕವನ್ನು ದಾರದಿಂದ ಗುರುತಿಸಿ. ಮೇಲಿನ ಎರಡು ಬೆರಳು ಮರಳನ್ನು ಹಿಟ್ಟಿನ ಜರಡಿಯಲ್ಲಲ್ಲ, ರವೆಯ ಜರಡಿಯಲ್ಲಿ ಜಾಲಿಸಿ, ಕಾಳುಗಳನ್ನೂ ಚೂರುಗಳನ್ನೂ ಬೇರೆ ಬೇರೆಯಾಗಿ ಎಣಿಸಿ. ಊರು, ದಿನಾಂಕ, ಗಂಟೆ, ಹಿಂದಿನ ದಿನ ಮಳೆ ಗಾಳಿ ಇತ್ತೇ ಎಂಬುದನ್ನು ಬರೆಯಿರಿ. ಚಂದದ ತೀರವನ್ನೋ ಕೊಳಕು ತೀರವನ್ನೋ ಆರಿಸಿಕೊಳ್ಳಬೇಡಿ. ಮನೆಗೆ ಹತ್ತಿರವಾದದ್ದೇ ಇರಲಿ, ಮುಂದಿನ ವರ್ಷವೂ ಅಲ್ಲಿಗೇ ಹೋಗಿ. ಒಂದೂ ಕಾಳು ಸಿಗದಿದ್ದರೆ ಕೋಷ್ಟಕವನ್ನು ಖಾಲಿ ಬಿಡಬೇಡಿ, ಸೊನ್ನೆಯೆಂದು ಬರೆಯಿರಿ. ಖಾಲಿ ಬಿಟ್ಟರೆ ಹೋಗಲಿಲ್ಲವೆಂದು ತಿಳಿಯಬೇಕಾಗುತ್ತದೆ. ಭೀಮೆಯ ಕಡೆಯ ಬಂಧುಗಳಿಗಾಗಿ ನಮೂನೆಯ ಹಿಂಬದಿಯಲ್ಲಿ ನದಿಯ ಮರಳಿನ ಕೋಷ್ಟಕವಿದೆ. ತುಂಬಿದ ಹಾಳೆಗಳನ್ನು ಕಾರ್ಯದರ್ಶಿಗಳಲ್ಲಿ ಕೊಟ್ಟರೆ ಈ ಪತ್ರಿಕೆಯಲ್ಲೇ ಪಟ್ಟಿಮಾಡಿ ಪ್ರಕಟಿಸಬಹುದೆಂದು ಸಂಪಾದಕರು ಒಪ್ಪಿದ್ದಾರೆ.